ಮನೆಯಲ್ಲಿ ಬಿಟ್ಟ ಅಂಗಿ

ದೋಣಿ ಕಡಲಿಗೆ ಹೊರಡುವ ಹೊತ್ತಿಗೆ ಜಗಳ ಶುರುವಾಯಿತು. ಜಿಪಿಎಸ್ ಕೆಟ್ಟರೆ ದಾರಿ ತಪ್ಪುತ್ತದೆ, ಒಂದು ದಿಕ್ಸೂಚಿಯನ್ನೂ ಇಟ್ಟುಕೊಳ್ಳೋಣ ಎಂದರು ಮೀನುಗಾರರು. ದೋಣಿ ನಡೆಸುವ ತಾಂಡೇಲ ಪುಂಡಲೀಕ ಖಾರ್ವಿ ಕೆರಳಿದ.

“ಇಡೀ ಕಡಲು ನನ್ನ ತಲೆಯಲ್ಲಿದೆ. ಇನ್ನೊಂದು ಸಾಮಾನು ಬೇಕೆನ್ನುವ ಪುಕ್ಕಲರು ಈಗಲೇ ಇಳೀರಿ!”

ದೋಣಿಯ ಅಡುಗೆಯವ ಗಣಪು ಒಲೆ ಒರೆಸುತ್ತಾ ಹೇಳಿದ, “ಆಯ್ತು ತಾಂಡೇಲರೇ. ಹಾಗಾದರೆ ಮನೆಯಲ್ಲಿ ಒಂದು ಅಂಗಿ ಬಿಟ್ಟು ಬನ್ನಿ. ಹಾಕಿ ಬೆವರಿದ್ದೇ ಆಗಬೇಕು, ಒಗೆದದ್ದು ಬೇಡ.”

“ಅದ್ಯಾಕೋ?”

“ನನ್ನ ತಮ್ಮ ಕಡಲಲ್ಲಿ ಹೋದಾಗ ಹೆಣ ಸಿಗಲಿಲ್ಲ. ಹೆಣದ ಬದಲು ದರ್ಭೆಯ ಬೊಂಬೆ ಮಾಡಿ ಸುಟ್ಟೆವು. ಅದಕ್ಕೆ ತೊಡಿಸಲು ಅವನದೊಂದು ಅಂಗಿಯೂ ಮನೆಯಲ್ಲಿರಲಿಲ್ಲ, ಎಲ್ಲ ದೋಣಿಗೆ ಒಯ್ದಿದ್ದ. ಅಂಗಡಿಯಿಂದ ಹೊಸದು ತಂದೆವು. ಅಮ್ಮ ಮೂಸಿ ನೋಡಿ, ಇದು ನನ್ನ ಮಗ ಅಲ್ಲ ಅಂದಳು. ಇವತ್ತಿಗೂ ಅವನು ಬರ್ತಾನೆಂದು ಬಾಗಿಲಿಗೆ ಅಗಳಿ ಹಾಕಲು ಬಿಡೋದಿಲ್ಲ.”

ತಾಂಡೇಲ ನಗಲು ನೋಡಿದ, ಆಗಲಿಲ್ಲ. ದೋಣಿಯಿಂದಿಳಿದು ಮನೆಯ ಕಡೆ ನಡೆದ.

ತಿರುಗಿ ಬಂದಾಗ ಅವನ ಕೈಯಲ್ಲಿ ಅಪ್ಪನ ಕಾಲದ ದಿಕ್ಸೂಚಿಯಿತ್ತು. “ಒಂದು ಮೂಲೆಯಲ್ಲಿ ಬಿದ್ದಿರಲಿ” ಎಂದು ಗೊಣಗಿದ.

ಗೆದ್ದ ಗಣಪು ನಗಲಿಲ್ಲ. ತಾಂಡೇಲನ ಮೈಮೇಲೆ ಈಗ ಒಗೆದ ಬೇರೆ ಅಂಗಿಯಿತ್ತು.