ಥೇಟ್ ತಾತನ ಹಾಗೇ

ಬಾಣಂತಿ ಮನೆಗಳಲ್ಲಿ ಬಗ್ಗಿ ಬಗ್ಗಿ ಕೂಸುಗಳ ಫೋಟೋ ತೆಗೆದು ನಾಗವೇಣಿಯ ಸೊಂಟ ಬಿದ್ದುಹೋಗಿತ್ತು. ಆದರೂ ಶಾಲೆಯ ಅಧ್ಯಕ್ಷ ಚನ್ನವೀರಪ್ಪನವರು ಕರೆದರೆ ಇಲ್ಲವೆನ್ನುವಂತಿಲ್ಲ. ಮಕ್ಕಳ ಗ್ರೂಪ್ ಫೋಟೋ ಕೆಲಸ ಕೊಡುವವರು ಅವರೇ.

"ಮೊಮ್ಮಗ ಫೋಟೋದಲ್ಲಿ ಥೇಟ್ ನನ್ನ ಹಾಗೇ ಕಾಣಬೇಕು. ಇಲ್ಲದಿದ್ರೆ ಶಾಲೆ ಕಡೆ ಬರಬೇಡ," ಎಂದರು ಅವರು, ರುಮಾಲು ಸರಿಮಾಡಿಕೊಳ್ಳುತ್ತಾ.

ತೊಟ್ಟಿಲಲ್ಲಿ ಬೋಳುತಲೆಯ ಕೂಸು ಬೊಚ್ಚುಬಾಯಿ ತೆರೆದು ಆಕಳಿಸಿತು. ನಾಗವೇಣಿಗೂ ಆಕಳಿಕೆ ಬಂತು.

"ಆಗಲಿ ಯಜಮಾನ್ರೇ. ರುಮಾಲು ತೆಗೆದು ಮಗು ಪಕ್ಕ ಕೂತ್ಕೊಳ್ಳಿ."

ಬೋಳುತಲೆ ಹೊರಬಂತು.

"ಈಗ ಹಲ್ಲಿನ ಸೆಟ್ಟನ್ನೂ ತೆಗೆದಿಡಿ."

"ನಾನ್ಯಾಕೆ ತೆಗೀಲಿ?"

"ಒಂದೇ ಥರ ಕಾಣಬೇಕು ಅಂದವರು ನೀವೇ. ಅವನಿಗೆ ಹಲ್ಲು ಬರೋತನಕ ಕಾಯೋಕೆ ನನ್ನ ಸೊಂಟ ಒಪ್ಪಲ್ಲ."

ಮನೆಮಂದಿಯೆಲ್ಲ ನೋಡುತ್ತಿದ್ದರು. ಹಲ್ಲು ಲೋಟಕ್ಕಿಳಿಯಿತು.

ನಾಗವೇಣಿ ಕ್ಯಾಮೆರಾ ಎತ್ತುವಷ್ಟರಲ್ಲಿ ಅವರ ಹೆಂಡತಿ ಅಡ್ಡ ಬಂದರು. ಮಗುವಿಗಿಟ್ಟಂಥದೇ ಕಾಡಿಗೆ ಬೊಟ್ಟೊಂದನ್ನು ಗಂಡನ ಕೆನ್ನೆಗೂ ಇಟ್ಟರು.

"ಎರಡು ಕೂಸಿಗೂ ದೃಷ್ಟಿ ಆಗಬಾರದು," ಎಂದರು.