ಒಲೆದಿನ್ನಿಗೆ ಸಾತವ್ವ ಒಯ್ದ ಕೆಂಡ

ಕೃಷ್ಣೆಯ ದಂಡೆಯ ಹೊಳೆಜಂಬಗಿಗೆ ಮೂಡಣ ದಿಕ್ಕಿನಲ್ಲಿ, ಊರಿನ ಮಾಳಿಗೆಗಳಿಗಿಂತ ಎರಡಾಳು ಎತ್ತರದ ಮಣ್ಣಿನ ದಿಬ್ಬವೊಂದಿದೆ. ಅದನ್ನು ಒಲೆದಿನ್ನಿ ಎನ್ನುತ್ತಾರೆ. ಮೇಲೆ ಗುಡಿಯಿಲ್ಲ, ಮನೆಯಿಲ್ಲ. ಗಿಡವೆಂದರೆ ಎರಡು ಬೇವು. ನೆರೆ ಬಂದಾಗ ಜನಕ್ಕೆ ಆಸರೆಯಿರಲೆಂದು ಈಚೆಗೆ ಹಾಕಿಸಿದ ಒಂದು ತಗಡಿನ ಚಾವಣಿ ಇದೆ. ಅದರ ಸುತ್ತ ಮೂರು ಮೂರು ಕಲ್ಲಿನ ಮೂವತ್ತೊಂದು ಒಲೆಗಳು. ಊರಿನ ಹಳೆಯ ಮನೆತನಗಳೂ ಮೂವತ್ತೊಂದೇ.

ಹಿಂದೆ ಒಮ್ಮೆ ಆಷಾಢದಲ್ಲಿ ಹೊಳೆ ಒಂದೇ ದಿನಕ್ಕೆ ಊರನ್ನು ನುಂಗಿತು. ಜನ ದನಕರು, ಜೋಳದ ಚೀಲ, ತೊಟ್ಟಿಲು ಎಲ್ಲವನ್ನೂ ಹೊತ್ತು ದಿನ್ನಿ ಏರಿದರು. ನೀರಿಗೆ ಒಬ್ಬರೂ ಸಿಗಲಿಲ್ಲ. ಆದರೆ ಬೆಂಕಿಯನ್ನು ಯಾರೂ ತರಲಿಲ್ಲ. ಆಷಾಢದಲ್ಲಿ ಬೆಂಕಿ ಹೊಸ್ತಿಲು ದಾಟಿದರೆ ಮನೆಯ ಭಾಗ್ಯವೂ ಜೊತೆಗೆ ಹೋಗುತ್ತದೆ ಎಂಬ ಕಟ್ಟುಪಾಡು ಆ ಊರಿನಲ್ಲಿತ್ತು. ಅಂಬಿಗರ ಸಾತವ್ವನ ಅತ್ತೆ ಮಾತ್ರ ಕೆಂಡದ ಗಡಿಗೆ ಎತ್ತಿಕೊಂಡಿದ್ದಳು. ಅದನ್ನು ಕಸಿದು ಕೆಳಗಿಟ್ಟವಳು ಸಾತವ್ವನೇ. ನಾಲ್ಕು ದಿನ ಮಳೆ ಬಿಡಲಿಲ್ಲ. ಹಸಿ ಜೋಳ ಅಗಿಯಲಾರದ ಮುದುಕರು, ಮಕ್ಕಳು ಚಳಿಗೆ ಸೆಟೆದು ಹೋದರು. ಸಾವಾಗದ ಮನೆ ಒಂದೂ ಉಳಿಯಲಿಲ್ಲ. ಸಾತವ್ವನ ಆರು ವರ್ಷದ ಮಗಳು ನೀಲವ್ವ ತಾಯಿಯ ಮಡಿಲಲ್ಲೇ ತಣ್ಣಗಾದಳು. ಸತ್ತವರನ್ನೆಲ್ಲ ಅಲ್ಲೇ ಮಣ್ಣು ಮಾಡಿ ಉಳಿದವರು ಕೆಳಗಿಳಿದರು.

ಮರುವರ್ಷ ಆಷಾಢ ಹತ್ತಿರವಾದಾಗ, ಕಣ್ಣು ಕುಕ್ಕುವ ನಡುಮಧ್ಯಾಹ್ನದಲ್ಲಿ, ಯಾರೂ ಇಲ್ಲದ ದಿನ್ನಿಯ ಮೇಲೆ ಹೊಗೆ ಏಳತೊಡಗಿತು. ನೋಡಲು ಹೋದವರು ಬಿಳಿಚಿಕೊಂಡು ಹಿಂದಿರುಗಿದರು. ಯಾರೂ ಹೂಡದ ಒಲೆಗಳು, ಮುಟ್ಟಿದರೆ ಕೈ ಒದ್ದೆಯಾಗುವ ಕಲ್ಲುಗಳು. ಬೂದಿಯಿಲ್ಲ, ಕಿಡಿಯಿಲ್ಲ, ಹೊಗೆ ಮಾತ್ರ ಇದೆ. ಹೊಗೆಯೊಳಗೆ ಯಾರೋ ಕೆಮ್ಮುತ್ತಾರೆ. ಇನ್ನು ಹೊಳೆ ಬಂದರೆ ಮಾಳಿಗೆಗೆ ಹಗ್ಗ ಕಟ್ಟಿಕೊಂಡು ಕೂರುವುದು, ದಿನ್ನಿಗೆ ಕಾಲಿಡಬಾರದು ಎಂದು ಊರಿನ ಯಜಮಾನ ಗುರಪ್ಪಗೌಡ ತೀರ್ಪು ಕೊಟ್ಟ. ಆ ಸೀಮೆಯಲ್ಲಿ ಎತ್ತರವೆಂದರೆ ದಿನ್ನಿ ಒಂದೇ. ಮಣ್ಣಿನ ಮಾಳಿಗೆ ನೀರಿಗೆ ಎಷ್ಟು ಹೊತ್ತು ನಿಂತೀತೆಂದು ಯಾರೂ ಕೇಳಲಿಲ್ಲ.

ಸಾತವ್ವ ಒಬ್ಬಳೇ ಹತ್ತಿ ಹೋದಳು. ಒಲೆಗಳ ನಡುವೆ ಹೆಜ್ಜೆ ಇಡುತ್ತಿದ್ದಾಗ, ಮೂಡಣದಿಂದ ಮೂರನೆಯ ಒಲೆಯ ಬಳಿ, ಹಲ್ಲು ಕಟಕಟಿಸುವ ಸಣ್ಣ ದನಿ ಕೇಳಿತು.

"ಅವ್ವಾ, ಬೆಂಕಿ ತಂದೀಯೇನ?"

ಅದು ನೀಲವ್ವನ ದನಿ. ನಾಳೆ ತರುತ್ತೇನೆಂದು ಹೇಳಿ ಇಳಿದು ಬಂದಳು. ಆದರೆ ಮನೆಯ ಒಲೆಯ ಮುಂದೆ ಕುಳಿತಾಗ ಅವಳಿಗೆ ತಿಳಿದುಹೋಯಿತು: ಬೆಂಕಿ ಕೊಟ್ಟರೆ ಮಗಳು ಬೆಚ್ಚಗಾಗುತ್ತಾಳೆ, ಬೆಚ್ಚಗಾದವಳು ಮತ್ತೆ ಕರೆಯುವುದಿಲ್ಲ. ಮರುದಿನ ಬರಿಗೈಯಲ್ಲಿ ಹೋದಳು. ಅದೇ ದನಿ, ಅದೇ ಉತ್ತರ. ಹೀಗೆ ಹನ್ನೊಂದು ದಿನ ಹೋದಳು. ದೆವ್ವಗಳ ಜೊತೆ ಬೀಗತನ ಮಾಡಿದ್ದೀಯೇನೆಂದು ಪಕ್ಕದ ಮನೆಯ ದುರಗವ್ವ ಚುಚ್ಚಿದಳು.

"ಮಾಡೀನಿ," ಎಂದಳು ಸಾತವ್ವ. "ನಿಮ್ಮ ಅತ್ತೀನೂ ಅಲ್ಲೇ ಕುಂತಾಳ. ಸೊಸಿ ಯಾಕ ಬರವಲ್ಲಳು ಅಂತ ಕೇಳ್ತಾಳ."

ದುರಗವ್ವ ಆ ದಿನ ಊಟ ಮಾಡಲಿಲ್ಲ ಎನ್ನುತ್ತಾರೆ.

ಹನ್ನೆರಡನೆಯ ದಿನ, ಆಷಾಢದ ಮೊದಲ ದಿನವೇ, ಹೊಳೆ ಕೆಂಪಾಯಿತು. ಮೇಲಿನ ಊರುಗಳ ಗುಡಿಸಲ ಚಾವಣಿಗಳು ತೇಲಿಬಂದವು. ಜನ ಮಾಳಿಗೆಗಳಿಗೆ ಹಗ್ಗ ಕಟ್ಟುತ್ತಿದ್ದರು. ಮಕ್ಕಳನ್ನು ಆ ಹಗ್ಗಗಳಿಗೆ ಬಿಗಿಯುವುದನ್ನು ಸಾತವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಗಡಿಗೆಯಲ್ಲಿ ಕೆಂಡ ತುಂಬಿದಳು, ಸೆರಗಿನಲ್ಲಿ ಒಣಗಿದ ಕುಳ್ಳು ಕಟ್ಟಿದಳು, ಎಲ್ಲರ ಕಣ್ಣೆದುರೇ ಹೊಸ್ತಿಲು ದಾಟಿದಳು. ಗೌಡ ಅಡ್ಡ ಬಂದ. ಅವಳು ಗಡಿಗೆಯನ್ನು ಅವನ ಎದೆಯ ಮಟ್ಟಕ್ಕೆ ಹಿಡಿದು ನಡೆದೇಬಿಟ್ಟಳು, ಅವನೇ ಸರಿದ.

ದಿನ್ನಿಯ ಮೇಲೆ ದನಿ ಮತ್ತೆ ಕೇಳಿತು. ಈಗ ಅದು ತೀರ ಸಣ್ಣಗಾಗಿತ್ತು.

"ತಂದೀನವ್ವಾ," ಎಂದಳು ಸಾತವ್ವ. "ತಡಾ ಮಾಡಿದೆ."

ಕೆಂಡ ಸುರಿದು ಊದಿದಳು. ಕುಳ್ಳು ಹತ್ತಿಕೊಂಡಿತು, ಕಲ್ಲುಗಳ ತೇವ ಆರಿತು, ಹೊಗೆಗೆ ಮೊದಲ ಸಲ ಸೆಗಣಿಯ ವಾಸನೆ ಬಂತು. ಅವಳು ಕಿವಿಗೊಟ್ಟು ಕುಳಿತಳು. ಏನೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು, ದಿನ್ನಿಯ ಅಂಚಿನಲ್ಲಿ ನಿಂತು, ಒಂದು ಒಲೆ ಹೊತ್ತಿತು, ಮೂವತ್ತು ಕಾಯುತ್ತಿವೆ, ನಿಮ್ಮ ನಿಮ್ಮವರಿಗೆ ನಿಮ್ಮ ನಿಮ್ಮ ಮನೆಯ ಬೆಂಕಿ ತನ್ನಿ ಎಂದು ಕೂಗಿ ಹೇಳಿದಳು. ಮೊದಲು ಬಂದವಳು ದುರಗವ್ವ. ಅತ್ತೆಯ ಹೆಸರು ಹಿಡಿದು ಅಳುತ್ತ ಬಂದಳು. ಹೊತ್ತು ಮುಳುಗುವ ಮೊದಲು ಮೂವತ್ತೊಂದು ಒಲೆಗಳೂ ಉರಿದವು, ಕೆಮ್ಮು ನಿಂತಿತು, ಊರಿಗೆ ಊರೇ ಮೇಲಿತ್ತು. ಹಗ್ಗ ಕಟ್ಟಿದ್ದ ಮಾಳಿಗೆಗಳು ಆ ರಾತ್ರಿಯೇ ಕರಗಿ ಹೋದವು. ಐದು ದಿನ ದಿನ್ನಿಯ ಮೇಲೆ ನುಚ್ಚು ಬೆಂದಿತು. ಒಂದು ಕೂಸೂ ಸಾಯಲಿಲ್ಲ.

ಈಗಲೂ ಆಷಾಢದ ಮೊದಲ ದಿನ ಹೋದವರು ಇದನ್ನು ಕಾಣಬಹುದು. ಪ್ರತಿ ಮನೆಯ ಹಿರಿಯ ಹೆಂಗಸು ಕೆಂಡ ಹೊತ್ತು ಬರುತ್ತಾಳೆ. ಹೊಸ ಸೊಸೆಯಂದಿರಿಗೆ ಏರುವ ದಾರಿ ತೋರಿಸುತ್ತಾರೆ. ತಗಡಿನ ಕೆಳಗೆ ಕುಳ್ಳು, ಕಟ್ಟಿಗೆ, ಜೋಳ ಒಟ್ಟುತ್ತಾರೆ. ಅಂಬಿಗರ ಮನೆಯವಳದು ಕೊನೆಯ ಸರದಿ. ಅವಳು ತಣ್ಣಗಿನ ಮೂರು ಕಲ್ಲುಗಳ ಮುಂದೆ ಕಿವಿಗೊಟ್ಟು ಕೂರುತ್ತಾಳೆ. ಅಷ್ಟು ಹೊತ್ತೂ ಉಳಿದ ಮೂವತ್ತು ಹೆಂಗಸರು ಮಾತಾಡುವುದಿಲ್ಲ, ನುಚ್ಚಿನ ಗಡಿಗೆಯಲ್ಲಿ ಸವುಟು ಆಡಿಸುವುದಿಲ್ಲ. ಆಮೇಲೆ ಅವಳು ಬಗ್ಗಿ ಕೆಂಡ ಊದುತ್ತಾಳೆ.