ಸವೆದುಹೋದ ಅಂಜೂರದ ಎಲೆ

ಹಿಂದೆ ಗ್ರೀಕರ ಒಂದೊಂದು ಊರೂ ತನ್ನದೇ ಬೆಳ್ಳಿ ನಾಣ್ಯ ಹೊರಡಿಸುತ್ತಿತ್ತು. ಊರಿನ ಗುರುತನ್ನು ಅದರ ಮೇಲೆ ಒತ್ತುತ್ತಿದ್ದರು. ಒಂದರದು ಗೂಬೆ, ಇನ್ನೊಂದರದು ಆಮೆ. ಸೂಕೆ ಎಂಬ ಪುಟ್ಟ ಊರಿನದು ಅಂಜೂರದ ಎಲೆ. ಅವರ ಮಾತಿನಲ್ಲಿ ಸೂಕೆ ಎಂದರೆ ಅಂಜೂರವೇ.

ಯುದ್ಧದಲ್ಲಿ ಸೂಕೆ ಸುಟ್ಟುಹೋಯಿತು. ಲೂಕೊನ್ ಎಂಬ ಕುಂಬಾರನ ಹೆಂಡತಿ ಬದುಕಲಿಲ್ಲ. ಅವನು ಕೈಗೂಸನ್ನು ಎತ್ತಿಕೊಂಡು ದೋಣಿ ಹತ್ತಿದ. ಊರಿನದು ಎಂದು ಅವನ ಬಳಿ ಉಳಿದದ್ದು ಒಂದು ನಾಣ್ಯ.

ಹೊಸ ಊರಿನಲ್ಲಿ ಮಗಳು ಮಿರ್ತೊ ಬೆಳೆದಳು. ಸಂಜೆಯಾದರೆ ಲೂಕೊನ್ ಕಡಲಿಗೆ ಮುಖಮಾಡಿ ಕೂತು ನಾಣ್ಯವನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಯಾರ ಕೈಗೂ ಕೊಡುತ್ತಿರಲಿಲ್ಲ.

"ನಮ್ಮೂರು ಹೇಗಿತ್ತು, ಅಪ್ಪ?" ಎಂದು ಮಗಳು ಕೇಳುತ್ತಿದ್ದಳು.

"ಆಮೇಲೆ ಹೇಳ್ತೀನಿ."

ಹೇಳಹೊರಟರೆ ಉರಿಯುವ ಮನೆಯೇ ಕಣ್ಮುಂದೆ ಬರುತ್ತಿತ್ತು; ಮತ್ತೆ ನಾಣ್ಯ ಸವರುತ್ತಿದ್ದ.

ಮಗಳ ಮದುವೆ ಗೊತ್ತಾಯಿತು. ನಾಣ್ಯ ಅವಳ ಕೊರಳಲ್ಲಿರಲಿ, ತನ್ನ ನಂತರವೂ ಊರು ಉಳಿಯಲಿ ಎಂದು ಲೂಕೊನ್ ಅವಳನ್ನು ಅಕ್ಕಸಾಲಿಗ ಫೈದೊನ್‌ನ ಅಂಗಡಿಗೆ ಕರೆದೊಯ್ದ. "ಇದಕ್ಕೊಂದು ಕೊಂಡಿ ಹಾಕಿಕೊಡು" ಎಂದ.

ಫೈದೊನ್ ನಾಣ್ಯವನ್ನು ಬೆಳಕಿಗೆ ಹಿಡಿದ. "ಯಾವೂರಿನದಯ್ಯ ಇದು?"

"ಸುಟ್ಟುಹೋದ ನಮ್ಮ ಸೂಕೆಯದು. ಎಲೆ ಕಾಣಲ್ವ?"

"ಅದು ಎಲೆಯಾ?" ಮಿರ್ತೊ ಕೇಳಿದಳು. "ಚಿಕ್ಕವಳಿದ್ದಾಗ ನಿನ್ನ ಬೆರಳ ಸಂದಿಯಲ್ಲಿ ನೋಡಿದ್ದೆ. ಐದು ಬೆರಳಿತ್ತಲ್ಲ, ಅಂಗೈ ಅಂದ್ಕೊಂಡಿದ್ದೆ."

ಲೂಕೊನ್ ನಾಣ್ಯ ಕಸಿದುಕೊಂಡು ನೋಡಿದ. ಎಲೆಯೂ ಇರಲಿಲ್ಲ, ಅಂಗೈಯೂ ಇರಲಿಲ್ಲ. ಬೆಳ್ಳಿ ನುಣುಪಾಗಿತ್ತು.

"ವೈರಿ ಊರು ಸುಟ್ಟ. ಉಳಿದ ಚೂರನ್ನು ನೀನೇ ಕೂತು ತೇದು ಮುಗಿಸಿದೆ ನೋಡು," ಎಂದ ಫೈದೊನ್. ಲೂಕೊನ್‌ನ ಮುಖ ಕಂಡು ದನಿ ತಗ್ಗಿಸಿದ. "ಹೋಗಲಿ, ಎಲೆ ಹೇಗಿತ್ತು ಹೇಳು. ಹೊಸದಾಗಿ ಕೆತ್ತಿಕೊಡ್ತೀನಿ."

ಲೂಕೊನ್ ಎಷ್ಟು ಯೋಚಿಸಿದರೂ ನಾಣ್ಯದ ಎಲೆ ನೆನಪಿಗೆ ಬರಲಿಲ್ಲ. ಊರ ಬಾವಿಯ ಪಕ್ಕದ ಅಂಜೂರದ ಮರ ಬಂತು.

"ಎಲೆ ಒರಟು," ಎಂದು ಮಗಳ ಕಡೆ ತಿರುಗಿದ. "ನಿಮ್ಮಮ್ಮ ಬಾವಿ ಪಕ್ಕದ ಮರದಿಂದ ಅದರಲ್ಲೇ ಹಣ್ಣು ಸುತ್ತಿ ತರ್ತಿದ್ಲು. ಬೆರಳಿಗೆಲ್ಲ ಎಲೆಯ ಹಾಲು ಅಂಟಿರ್ತಿತ್ತು."

ಫೈದೊನ್ ಉಳಿ ಕೆಳಗಿಟ್ಟ. ಮಿರ್ತೊ ಅಪ್ಪನ ಪಕ್ಕ ನೆಲದ ಮೇಲೆ ಕೂತಳು.

"ಬಾವಿಯಿಂದ ಮನೆಗೆ ಯಾವ ದಾರಿ, ಅಪ್ಪ?"

ಲೂಕೊನ್ ಬೆರಳಿನಿಂದ ನೆಲದ ಮೇಲೆ ಒಂದು ಗೆರೆ ಎಳೆದ.

"ಮೊದಲು ಎಣ್ಣೆಗಾಣ ಸಿಗುತ್ತೆ," ಎಂದ. "ಅಲ್ಲಿ ಎಡಕ್ಕೆ ತಿರುಗಬೇಕು."

ನೀತಿ: ಕಳೆದುಕೊಂಡದ್ದನ್ನು ಮುಷ್ಟಿಯಲ್ಲೇ ಇಟ್ಟುಕೊಂಡರೆ ಅದು ನಮ್ಮ ಕೈಯಲ್ಲೇ ಸವೆಯುತ್ತದೆ. ನೋವಾದರೂ ಮಕ್ಕಳಿಗೆ ಹೇಳಬೇಕು. ಕೇಳಿದವರಲ್ಲಿ ಅದು ಉಳಿಯುತ್ತದೆ.